ಪೆಟ್ಟು ಬಿದ್ದು ಹದಿನೆಂಟು ದಿನಕ್ಕ ಕಣತಲಿ ಮ್ಯಾಲ ಗಂಟು, ಕೊಯ್ಯಸಬೇಕೋ ಬ್ಯಾಡೋ?

ರಾಜನಗರದ ಅಪ್ಪ:

ಎಲ್ಲಾರಿಗೂ ನಮಸ್ಕಾರ್ರಿ. ಸ್ವಲ್ಪ ಉದ್ದ ಬರಿಯಾಕತ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಮಗಗ ಹದಿನಾರು ವರ್ಷ. ಹೋದ ತಿಂಗಳ ನೆಹರು ಮೈದಾನದಾಗ ಮ್ಯಾಚ್ ಇತ್ತು. ಶಾರ್ಟ್ ಬಾಲ್ ಹುಕ್ ಮಾಡಾಕ ಹೋದ, ಬ್ಯಾಟಿಗೆ ಸಿಗಲಿಲ್ಲ, ಲೆದರ್ ಬಾಲು ಸೀದಾ ಎಡಗಡೆ ಕಣತಲಿಗೆ ಬಡೀತು. ಹುಬ್ಬಿನ ತುದಿಯಿಂದ ಮ್ಯಾಲ, ಕೂದಲ ಸುರು ಆಗೋ ಅಂಚಿಗೆ. ಹೆಲ್ಮೆಟ್ ಇತ್ರಿ, ಆದ್ರ ಕಿಟ್ ಬ್ಯಾಗಿನಾಗ ಇತ್ತು.

ಎಚ್ಚರ ತಪ್ಪಲಿಲ್ಲ, ವಾಂತಿ ಆಗಲಿಲ್ಲ. ಅವತ್ತ ಸಿಟಿ ಸ್ಕ್ಯಾನ್ ಮಾಡಿಸಿದ್ವಿ, ಎಲುಬು, ಮೆದುಳು ಎಲ್ಲಾ ನಾರ್ಮಲ್ ಅಂದ್ರು. ಐಸ್ ಇಟ್ವಿ, ನಾಕೈದು ದಿನದಾಗ ಬಾವು ಇಳೀತು. ನಾವೂ ಮರತ ಬಿಟ್ವಿ. 18ನೇ ದಿನ ಜಳಕ ಮಾಡಿ ತಲಿ ಒರಸಿಕೊಳ್ಳೋ ಮುಂದ ಅದ ಜಾಗಾದಾಗ ಗಂಟು ಕೈಗೆ ಸಿಕ್ಕೈತಿ. ಅವತ್ತ ಹುಣಸಿ ಬೀಜದಷ್ಟು ಇತ್ತು, ಈಗ ಐದು ದಿನಕ್ಕ ಬಾರಿಹಣ್ಣಿನಷ್ಟ ಆಗೈತಿ. ನೋವಿಲ್ಲ, ಜ್ವರ ಇಲ್ಲ, ಚರ್ಮ ಕೆಂಪಾಗಿಲ್ಲ.

ಓಣ್ಯಾಗಿನ ಕ್ಲಿನಿಕ್ಕಿಗೆ ತೋರಿಸಿದ್ವಿ. "ಕೊಬ್ಬಿನ ಗಂಟು, ಶುಕ್ರವಾರ ಬರ್ರಿ, ಸಣ್ಣ ಕಟ್ ಹಾಕಿ ತಗದ ಕಳಸ್ತೀನಿ, ಹತ್ತ ನಿಮಿಷದ ಕೆಲಸ" ಅಂದಾರ. ನನ್ನ ಹೆಂಡ್ತಿ ಒಲ್ಲೆ ಅಂತಾಳ. ನಮ್ಮ ಅಣ್ಣ ಕೊಯ್ಸಿಬಿಡು, ಬೆಳಿಯೂತನಕ ಯಾಕ ಕಾಯ್ತಿ ಅಂತಾನ. ಇವತ್ತ ಬುಧವಾರ.

ಹಳೇಹುಬ್ಬಳ್ಳಿ:

ಪೆಟ್ಟಿನ ಬಾವಿಗೆ ಅರಿಷಿಣ ಸುಣ್ಣ ಕಲಸಿ ಹಚ್ರಿ ಅಣ್ಣಾರ. ನಮ್ಮ ಗರಡಿ ಮನ್ಯಾಗ ಎಷ್ಟ ಬಾವು ಇಳಿಸೇವಿ ಲೆಕ್ಕಿಲ್ಲ. ಬಿಸಿ ಎಣ್ಣಿ ಹಚ್ಚಿ ಹೆಬ್ಬೆರಳಲೆ ಜೋರ್ ತಿಕ್ಕಿದ್ರ ಹೆಪ್ಪುಗಟ್ಟಿದ ರಕ್ತ ಒಡದು ಹೋಗ್ತೈತಿ.

ನೈಟ್ ಡ್ಯೂಟಿ:

ತಿಕ್ಕಬೇಡಿ. ಹಳೇಹುಬ್ಬಳ್ಳಿಯವರೇ, ಅರಿಷಿಣದ ಬಗ್ಗೆ ನನಗೆ ಜಗಳ ಇಲ್ಲ. ಹೆಬ್ಬೆರಳಿನ ಬಗ್ಗೆ ಇದೆ.

ರಾಜನಗರದ ಅಪ್ಪ ಅವರೇ, ನಾನು ಸರ್ಜರಿ ವಿಭಾಗದವನು. ಶುಕ್ರವಾರದ ಕಟ್ ಸದ್ಯಕ್ಕೆ ತಡೆಹಿಡಿಯಿರಿ. ಕೊಬ್ಬಿನ ಗಂಟು ಐದು ದಿನದಲ್ಲಿ ಹುಣಸೆ ಬೀಜದಿಂದ ಬಾರಿಹಣ್ಣು ಆಗುವುದಿಲ್ಲ, ಅದಕ್ಕೆ ವರ್ಷಗಟ್ಟಲೆ ಬೇಕು. ಈಗ ಮಗನನ್ನು ಕೂಡ್ರಿಸಿ ಎರಡು ಕೆಲಸ ಮಾಡಿ. ಒಂದು, ಗಂಟಿನ ಎರಡೂ ಮಗ್ಗುಲಿಗೆ ಒಂದೊಂದು ಬೆರಳು ಹೂವಿನಷ್ಟು ಹಗುರಾಗಿ ಇಟ್ಟು, ಉಸಿರು ಹಿಡಿದು ನೋಡಿ. ಬೆರಳುಗಳು ಅಲ್ಲಾಡುತ್ತವೆಯೇ? ಅಲ್ಲಾಡಿದರೆ ಎರಡೂ ಕೂಡಿ ಮೇಲೆ ಏಳುತ್ತವೆಯೋ, ಅಥವಾ ಒಂದರಿಂದ ಒಂದು ದೂರ ಸರಿಯುತ್ತವೆಯೋ? ಎರಡನೆಯದು, ಕಿವಿಯ ಮುಂದೆ, ಬಾಯಿ ತೆರೆದಾಗ ಕೀಲು ಆಡುತ್ತದಲ್ಲ, ಅಲ್ಲೊಂದು ನಾಡಿ ಸಿಗುತ್ತದೆ. ಅದನ್ನು ಬೆರಳಿನಿಂದ ಒತ್ತಿ ಹಿಡಿದು, ಗಂಟು ಏನು ಮಾಡುತ್ತದೆ ನೋಡಿ. ಗಂಟನ್ನೇ ಹಿಚುಕಬೇಡಿ.

ರಾಜನಗರದ ಅಪ್ಪ:

ಡಾಕ್ಟರ, ಕೈ ನಡಗಾಕತ್ತಾವ. ಹಗುರ್ಕ ಬೆರಳ ಇಟ್ಟೆ. ಬಡೀತೈತ್ರಿ. ನಾಡಿ ಬಡದಂಗ ಬಡೀತೈತಿ, ಮತ್ತ ಎರಡೂ ಬೆರಳು ಆ ಕಡೆ ಈ ಕಡೆ ಸರೀತಾವ. ಕಿವಿ ಮುಂದ ಒತ್ತಿದ ಕೂಡ್ಲೆ ಗಂಟು ಮೆತ್ತಗಾತು, ಬಡಿಯೋದೂ ನಿಂತು. ಕೈ ತಗದ್ರ ಮತ್ತ ಸುರು.

ಇನ್ನೊಂದು ಹೇಳ್ತೀನಿ, ಇದು ನಮಗ ಮೊದಲ ಯಾಕ ಕಾಣಲಿಲ್ಲೋ ಗೊತ್ತಿಲ್ಲ. ಅವಂಗ ಚಷ್ಮಾ ಐತಿ. ಚಷ್ಮಾದ ಎಡಗಡೆ ಕಡ್ಡಿ ಆ ಗಂಟಿನ ಕೆಳಗಿಂದ ಹಾದು ಕಿವಿಗೆ ಹೋಗತೈತಿ. ಟ್ಯೂಬ್‌ಲೈಟ್ ಬೆಳಕಿನಾಗ ಬಾಜೂಕ ನಿಂತು ನೋಡಿದ್ರ ಆ ಕಡ್ಡಿ ಒಂದೊಂದ ಬಡಿತಕ್ಕ ಒಂದೊಂದ ಸಲ ಜಿಗೀತೈತಿ. ಗಡಿಯಾರದ ಸೆಕೆಂಡ್ ಮುಳ್ಳು ನೋಡ್ಕೋತ ಎಣಿಸಿದೆ, 84. ಮಗ ಈಗ ಹೇಳ್ತಾನ, ಎಡಕ್ಕ ಮಲಗಿದ್ರ ತಲಿದಿಂಬಿನಾಗ ಟುಪ್ ಟುಪ್ ಅಂತ ಕೇಳತಿತ್ತಂತ. ಯಾಕೋ ಹೇಳಲಿಲ್ಲ ಅಂದ್ರ, "ಎಲ್ಲಾರಿಗೂ ಕೇಳತೈತಿ ಅಂತ ಅನ್ಕೊಂಡಿದ್ದೆ" ಅಂತಾನ.

ನೈಟ್ ಡ್ಯೂಟಿ:

ಇಷ್ಟು ಸಾಕು. ಬೆರಳುಗಳು ದೂರ ಸರಿದವು ಅಂದರೆ ಗಂಟಿನ ಒಳಗೇ ರಕ್ತ ಬಡಿಯುತ್ತಿದೆ. ಆ ಚಷ್ಮಾದ ಕಡ್ಡಿಯನ್ನು ನಮ್ಮ ಕಾಲೇಜಿನ ಹುಡುಗರಿಗೆ ತೋರಿಸಬೇಕಿತ್ತು. ಹೆಸರು ಹೇಳುತ್ತೇನೆ, ಆದರೆ ಮೊಬೈಲಿನಲ್ಲಿ ರೋಗ ನಿರ್ಧಾರ ಮಾಡುತ್ತಿಲ್ಲ. ನಾಳೆ ಡಾಪ್ಲರ್ ಸ್ಕ್ಯಾನ್ (ರಕ್ತದ ಓಟ ತೋರಿಸುವ ಸ್ಕ್ಯಾನ್) ಆಗಬೇಕು, ಅದೇ ನಿರ್ಧಾರ. ನನ್ನ ಅನುಮಾನ ಇದು ಸೂಡೋ ಅನ್ಯೂರಿಸಂ, ಅಂದರೆ ಹುಸಿ ಅನ್ಯೂರಿಸಂ (ಅನ್ಯೂರಿಸಂ ಅಂದರೆ ರಕ್ತನಾಳದ ಉಬ್ಬು). ಕಣತಲೆಯ ಮೇಲೆ ಹರಿಯುವ ರಕ್ತನಾಳ, ಸೂಪರ್‌ಫಿಶಿಯಲ್ ಟೆಂಪೊರಲ್ ಆರ್ಟರಿ, ಅದರದ್ದು.

ಎಲ್ಲ ಅನ್ಯೂರಿಸಂಗಳನ್ನು ಒಟ್ಟು ಹಾಕಿದರೆ ಇದು ನೂರಕ್ಕೆ ಒಂದರಷ್ಟೂ ಇಲ್ಲ. ಹಾಗಾಗಿ ಆ ಕ್ಲಿನಿಕ್ಕಿನವರನ್ನು ಬೈಯಬೇಡಿ, ಊರ ಡಾಕ್ಟರೊಬ್ಬರು ಜೀವಮಾನದಲ್ಲಿ ಒಂದೂ ನೋಡದೇ ಇರಬಹುದು. ಕೊಬ್ಬಿನ ಗಂಟು, ಚರ್ಮದ ಚೀಲ, ಕೀವಿನ ಕುರು, ಹೆಪ್ಪುಗಟ್ಟಿದ ರಕ್ತ, ಇವೆಲ್ಲ ಅಂದುಕೊಂಡೇ ಇದನ್ನು ಕೊಯ್ಯಲು ಹೋಗುತ್ತಾರೆ. ಆಮೇಲೆ ರಕ್ತ ಚಿಮ್ಮಿದಾಗ ಎಲ್ಲರಿಗೂ ಎಚ್ಚರ. ಸೂಜಿ ಹಾಕಿ ಎಳೆದು ನೋಡುವುದೂ ಬೇಡ.

ಹಳೇಹುಬ್ಬಳ್ಳಿ:

ಅಂದ್ರ ತಲಿಯೊಳಗಿನ ನರ ಒಡೀತಂತ ಹೇಳ್ತಾರಲ್ಲ, ಅದಾ? ಸುಮ್ಮ ಹೆದರಸಬ್ಯಾಡ್ರಿ ಮಾರಾಯ್ರ, ಹುಡುಗ ಓಡ್ಯಾಡಕೋತ ಅದಾನ.

ನೈಟ್ ಡ್ಯೂಟಿ:

ಅದಲ್ಲ. ಮೆದುಳಿನ ಒಳಗಿನದು ಬೇರೆ. ಇದು ತಲೆಬುರುಡೆಯ ಹೊರಗೆ, ಚರ್ಮದ ಕೆಳಗೇ ಇರುವುದು. ಗುರುತು ಹಿಡಿದರೆ ಬಗೆಹರಿಯುವಂಥದ್ದು. ಹೆದರುವ ಕೆಲಸ ಇಲ್ಲ, ತಡ ಮಾಡುವ ಕೆಲಸವೂ ಇಲ್ಲ.

ನಿವೃತ್ತ ಮಾಸ್ತರು, ಧಾರವಾಡ:

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಭಾಷೆಯ ಒಂದು ಅವಾಂತರ ಇಲ್ಲಿದೆ. ನಾವು ಎಲ್ಲದಕ್ಕೂ "ನರ" ಅಂತೇವೆ. ಕೈ ಮೇಲೆ ಹಸಿರಾಗಿ ಕಾಣುವುದೂ ನರ, ಸಲೈನ್ ಹಚ್ಚುವುದೂ ನರಕ್ಕೆ, ಜುಮ್ ಹಿಡಿದರೂ ನರ, ಕುತ್ತಿಗೆ ಹಿಡಿದರೆ ನರ ಸರದೈತಿ, ಪಾರ್ಶ್ವವಾಯು ಆದರೆ ನರ ಒಡದೈತಿ. ರೋಗಿ "ನರ ಉಬ್ಬೈತ್ರಿ" ಅಂದಾಗ ಡಾಕ್ಟರಿಗೆ ಏನು ತಿಳಿಯಬೇಕು? ಹೃದಯದಿಂದ ರಕ್ತ ಒಯ್ಯುವುದು ಅಪಧಮನಿ, ಮರಳಿ ತರುವುದು ಅಭಿಧಮನಿ ಅಂತ ನಲವತ್ತು ವರ್ಷ ಹುಡುಗರಿಗೆ ಬಾಯಿಪಾಠ ಮಾಡಿಸಿದೆ, ಮನೆಗೆ ಬಂದು ನಾನೇ ನರ ಅಂತಿದ್ದೆ. "ಮಿಡಿಯುವ ನರ" ಅಂತ ಹೇಳಿದರೂ ಅರ್ಧ ಕೆಲಸ ಆಗುತ್ತದೆ ಅನಿಸುತ್ತದೆ.

ಅಂದಹಾಗೆ ಹುಸಿ ಅನ್ಯೂರಿಸಂ ಅಂದರೇನು? ಹುಸಿ ಅಂದರೆ ಇಲ್ಲದ್ದು ಅಂತಲೇ?

ನೈಟ್ ಡ್ಯೂಟಿ:

ಇದೆ, ಆದರೆ ಗೋಡೆ ಹುಸಿ. ಅಪಧಮನಿಗೆ ಮೂರು ಪದರ. ನಿಜವಾದ ಅನ್ಯೂರಿಸಂನಲ್ಲಿ ಆ ಮೂರೂ ಪದರ ಬಲ ಕಳೆದುಕೊಂಡು ಬಲೂನಿನಂತೆ ಉಬ್ಬುತ್ತವೆ. ಹುಸಿಯಲ್ಲಿ ಗೋಡೆ ಹರಿದಿರುತ್ತದೆ. ರಕ್ತ ಹೊರಗೆ ಬಂದು ಸುತ್ತಲಿನ ಮಾಂಸದ ನಡುವೆ ಗೂಡು ಮಾಡಿಕೊಳ್ಳುತ್ತದೆ. ಆ ಗೂಡಿಗೆ ನಾಳದ ಗೋಡೆ ಇಲ್ಲ, ಹೆಪ್ಪು ಮತ್ತು ಗಾಯ ಮಾಯುವಾಗ ಬರುವ ನಾರು, ಅಷ್ಟೇ.

ಕಾಲುವಿ ಕೆಲಸದವ, ನವಲಗುಂದ:

ನಮ್ಮ ಭಾಷಾದಾಗ ಹೇಳ್ಲಿ? ಕಾಲುವಿ ಏರಿ ಹೊಟ್ಟಿ ಬಂದು ಹೊರಗ ಬಾಗಿದ್ರ ಅದು ನಿಜವಾದದ್ದು. ಏರಿಗೆ ಏಡಿ ತೂತು ಬಿದ್ದು ನೀರು ಪಕ್ಕದ ಎರಿಹೊಲಕ್ಕ ಹೊಕ್ಕು, ಅಲ್ಲಿ ಮಣ್ಣು ಕೊರದು ಹೊಂಡ ಮಾಡ್ಕೊಂಡು ನಿಂತ್ರ ಅದು ಹುಸಿ. ಹೊಂಡಕ್ಕ ಏರಿ ಇಲ್ಲ, ಬರೇ ಹೊಲದ ಮಣ್ಣ. ಕಾಲುವಿಗೆ ನೀರ ಬಿಟ್ಟಾಗೊಮ್ಮೆ ಹೊಂಡ ತುಂಬತೈತಿ. ಮಲಪ್ರಭಾ ಕಾಲುವಿ ಮ್ಯಾಲ ಇಂಥಾವು ಬೇಕಾದಷ್ಟ ನೋಡೇನಿ. ಹೊಂಡ ಮುಚ್ಚಿದ್ರ ಪ್ರಯೋಜನ ಇಲ್ಲ, ತೂತು ಮುಚ್ಚಬೇಕು.

ನೈಟ್ ಡ್ಯೂಟಿ:

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ತೂತು ಮುಚ್ಚುವುದೇ ಚಿಕಿತ್ಸೆ.

ಕಣತಲೆಗೇ ಯಾಕೆ ಆಗುತ್ತದೆ ಅಂತಲೂ ಹೇಳುತ್ತೇನೆ, ಎಲ್ಲರೂ ತಮ್ಮ ಮೇಲೆ ಪರೀಕ್ಷೆ ಮಾಡಬಹುದು. ಕಣತಲೆಗೆ ಅಂಗೈ ಹಚ್ಚಿ ಹಲ್ಲು ಕಚ್ಚಿ. ಕೈ ಕೆಳಗೆ ಮಾಂಸಖಂಡ ಉಬ್ಬುತ್ತದೆ. ಬೆರಳನ್ನು ಹಾಗೇ ಮೇಲಕ್ಕೆ ಒಯ್ದರೆ ಒಂದು ಕಡೆ ಉಬ್ಬುವುದು ನಿಲ್ಲುತ್ತದೆ, ಎಲುಬಿನ ಏಣು ತಾಗುತ್ತದೆ. ಕಿವಿಯ ಮುಂದಿನಿಂದ ಹತ್ತಿ ಬಂದ ರಕ್ತನಾಳದ ಒಂದು ಕವಲು ಹಣೆಯ ಕಡೆ ಹೋಗುವಾಗ ಈ ಏಣನ್ನು ದಾಟುತ್ತದೆ. ಅಲ್ಲಿಯವರೆಗೆ ಅದಕ್ಕೆ ಮಾಂಸದ ಹಾಸಿಗೆ ಇತ್ತು, ಅಲ್ಲಿಂದ ಕೆಳಗೆ ಎಲುಬೇ. ಚೆಂಡು ಬಡಿದಾಗ ನಾಳ ಅತ್ತಿತ್ತ ಸರಿಯಲು ಜಾಗ ಇಲ್ಲದೆ ಎಲುಬಿನ ಮೇಲೆ ಜಜ್ಜಿ ಹೋಗುತ್ತದೆ. ಗೋಡೆ ಪೂರ್ತಿ ತುಂಡಾದರೆ ತುದಿಗಳು ಮುದುಡಿಕೊಂಡು ರಕ್ತ ತಾನೇ ನಿಲ್ಲುವುದುಂಟು. ಅರ್ಧ ಹರಿದರೇ ತಾಪತ್ರಯ, ಮುದುಡಲು ಆಗುವುದಿಲ್ಲ.

ಹೆಪ್ಪು ಮೊದಲು ಬಿರಡೆಯಂತೆ ಕೂತಿರುತ್ತದೆ. ಅದು ಕರಗಿ ಒಳಗೆ ರಕ್ತ ಓಡಾಡಲು ಸುರು ಮಾಡಿದಾಗ ಗಂಟು ಕಾಣುತ್ತದೆ. ಸಾಮಾನ್ಯವಾಗಿ ಎರಡರಿಂದ ಆರು ವಾರ. ಅವತ್ತಿನ ಸಿಟಿ ಸ್ಕ್ಯಾನಿನಲ್ಲಿ ಕಾಣದ್ದು ಅದಕ್ಕೇ, ಯಾರ ತಪ್ಪೂ ಅಲ್ಲ.

ಹಾವೇರಿ ಹೋರಿ:

ಡಾಕ್ಟರ, ಹಂಗಾರ ದವಡಿ ಮ್ಯಾಲೂ ಆಗತೈತೇನ್ರಿ? ನಮ್ಮ ಕಡೆ ದೀಪಾವಳಿ ಆದಮ್ಯಾಲ ಹೋರಿ ಬೆದರಿಸೋದು ಇರತೈತಿ. ಕೊಬ್ಬರಿ ಸರ ಹರಿಯಾಕ ಹೋಗಿ ನನ್ನ ಗೆಳ್ಯಾಗ ಕೋಡು ದವಡಿಗೆ ತಿವೀತು. ಮೂರು ಹೊಲಗಿ ಹಾಕಿ ಕಳಸಿದ್ರು. ಗಾಯ ಮಾಯಿತು. ಮುಂದ ಹದಿನೈದಿಪ್ಪತ್ತು ದಿನಕ್ಕ ಹೊಲಗಿ ಕೆಳಗ ಅಡಕಿಯಷ್ಟ ಗಂಟು. ಒಳಗ ಕೀವು ಆಗೈತಿ ಅಂತ ಹದಿನೈದು ದಿನ ಗುಳಿಗಿ ನುಂಗಿದ. ಒಂದಿನ ಗಡ್ಡ ಬೋಳಿಸೋ ಮುಂದ ಬ್ಲೇಡ್ ತಾಗಿ ಗೋಡಿಗೆ ರಕ್ತ ಸಿಡೀತು. ಆ ಗೋಡಿ ಮ್ಯಾಲಿನ ಕಲಿ ಇನ್ನೂ ಐತಿ, ಸುಣ್ಣ ಹೊಡದ್ರೂ ಕಾಣತೈತಿ. ಬನಿಯನ್ ಮಡಚಿ ಒತ್ತಿ ಹಿಡದು, ಹಾವೇರಿಯಿಂದ ಹುಬ್ಬಳ್ಳಿಗೆ ಒಯ್ದ್ವಿ, ದಾರಿಯುದ್ದಕ್ಕೂ ಕೈ ತಗಿಲಿಲ್ಲ.

ನೈಟ್ ಡ್ಯೂಟಿ:

ಕೈ ತೆಗೆಯದೇ ಇದ್ದದ್ದೇ ಅವರ ಜೀವ ಉಳಿಸಿದ್ದು. ಬಟ್ಟೆ ತೆಗೆದು ತೆಗೆದು "ನಿಂತಿತೇನು" ಅಂತ ನೋಡುವವರೇ ಹೆಚ್ಚು.

ಹೌದು, ಅದು ಮುಖದ ಅಪಧಮನಿ. ಹಲ್ಲು ಕಚ್ಚಿ ಕೆಳದವಡೆಯ ಅಂಚಿನ ಮೇಲೆ, ಅಗಿಯುವ ಮಾಂಸಖಂಡದ ಮುಂದಿನ ತುದಿಗೆ ಬೆರಳು ಇಡಿ, ಒಂದು ನಾಡಿ ಸಿಗುತ್ತದೆ. ಅಲ್ಲಿ ನಾಳ ಎಲುಬನ್ನು ದಾಟಿ ಮುಖಕ್ಕೆ ಹತ್ತುತ್ತದೆ. ಕಣತಲೆಯ ಲೆಕ್ಕವೇ, ಚರ್ಮ ಮತ್ತು ಎಲುಬಿನ ನಡುವೆ ಸಿಕ್ಕಿಕೊಂಡದ್ದು. ದವಡೆ ಮುರಿದವರಲ್ಲಿ, ದವಡೆಯ ಆಪರೇಷನ್ ಆದವರಲ್ಲಿಯೂ ವರದಿಯಾಗಿದೆ.

ಬೆಟಗೇರಿ ಮಗ್ಗ:

ನಮ್ಮ ಹೆಂಡ್ತಿ ತಮ್ಮಂದು ಇನ್ನೂ ಬ್ಯಾರೇನ. ಲಕ್ಷ್ಮೇಶ್ವರ ರೋಡಿನಾಗ ಬೈಕ್ ಸ್ಕಿಡ್ ಆಗಿ ಮ್ಯಾಲಿನ ದವಡಿ ಮುರೀತು, ಪ್ಲೇಟ್ ಹಾಕಿದ್ರು. ಮನಿಗೆ ಬಂದ. 12ನೇ ದಿನ ಉಣ್ಣಾಕ ಕುಂತಾಗ ಮೂಗಿನಿಂದ ರಕ್ತ, ನಳ ಬಿಟ್ಟಂಗ. ಮೂಗಿಗೆ ಪಟ್ಟಿ ತುಂಬಿದ್ರು, ನಿಂತು. ಮೂರು ದಿನ ಬಿಟ್ಟು ಮತ್ತ ಅದ ಕತಿ. ಉಷ್ಣ ಆಗೈತಿ, ಎಳನೀರ ಕುಡಸ್ರಿ ಅಂದವರೂ ಅದಾರ. ಕಡೀಕ ಅಂಜಿಯೋಗ್ರಾಂ ಮಾಡಿದಾಗ ದವಡಿ ಹಿಂದ ಒಂದು ರಕ್ತನಾಳ ಉಬ್ಬಿತ್ತಂತ. ತೊಡಿಯಿಂದ ವಾಯರ್ ಹಾಯಿಸಿ ಒಳಗ ಕಾಯಿಲ್ ತುಂಬಿದ್ರು. ಮುಖಾ ಕೊಯ್ಯಲೇ ಇಲ್ಲ. ಮೂರನೇ ದಿನ ಮನಿಗೆ ಬಂದು ಜ್ವಾಳದ ರೊಟ್ಟಿ ಕೇಳಿದ.

ನೈಟ್ ಡ್ಯೂಟಿ:

ಅದು ಮ್ಯಾಕ್ಸಿಲರಿ ಆರ್ಟರಿ ಇರಬೇಕು. ಅಲ್ಲಿ ಬೆರಳು ಹೋಗುವುದಿಲ್ಲ, ಗಂಟು ಕಾಣುವುದಿಲ್ಲ, ರಕ್ತ ಬಂದಾಗಲೇ ಗೊತ್ತು. ಪ್ಲಾಟಿನಂ ತಂತಿಯ ಸಣ್ಣ ಸುರುಳಿಗಳನ್ನು ತುಂಬಿದರೆ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತದೆ. ಮುಖಕ್ಕೆ ಪೆಟ್ಟಾಗಿ ವಾರಗಳ ಮೇಲೆ ಮೂಗಿನಿಂದ ಬರುವ ರಕ್ತ "ಉಷ್ಣ" ಅಲ್ಲ. ಇನ್ನೂ ಕೆಟ್ಟದ್ದೊಂದಿದೆ: ಕಣ್ಣಿನ ಗೂಡಿನ ಎಲುಬು ಮುರಿದು, ಒಂದು ಕಣ್ಣು ಕಾಣದೆ, ಆಮೇಲೆ ಮೂಗಿನಿಂದ ಭಾರಿ ರಕ್ತ. ಈ ಮೂರರ ಜೋಡಿಯನ್ನು ಮೌರರ್ ಮತ್ತು ಜೊತೆಗಾರರು 1961ರಲ್ಲೇ ಬರೆದಿಟ್ಟಿದ್ದಾರೆ. ಅಲ್ಲಿ ಹರಿದಿರುವುದು ಮೆದುಳಿಗೆ ಹೋಗುವ ಒಳ ಕೆರೋಟಿಡ್ ಅಪಧಮನಿ. ಆಗ ಮಾಮೂಲಿ ಮೂಗಿನ ಚಿಕಿತ್ಸೆಗೆ ಸಮಯ ಇಲ್ಲ, ನರಶಸ್ತ್ರ ವಿಭಾಗ ಇರುವ ದೊಡ್ಡಾಸ್ಪತ್ರೆಗೇ ಹೋಗಬೇಕು.

(ನರಶಸ್ತ್ರ! ಮಾಸ್ತರೇ, ನಾನೂ ನರ ಬರೆದೆ.)

ನಿವೃತ್ತ ಮಾಸ್ತರು, ಧಾರವಾಡ:

ನೋಡಿದೆ. ಅಂಕ ಕಳೆದಿಲ್ಲ.

ಕತ್ತರಿ ಬಾಚಣಿಕಿ:

ಧಾರವಾಡದಾಗ ನನ್ನ ಅಂಗಡಿ ಐತ್ರಿ. ಇದನ್ನ ಓದಿ ಒಂದು ಕೇಳಬೇಕನಿಸ್ತು. ಕಟಿಂಗ್ ಆದಮ್ಯಾಲ ಎಲ್ಲಾರೂ "ಕುತ್ತಿಗಿ ನೆಟಿಗಿ ತಗಿಯಪಾ" ಅಂತಾರ. ನಮ್ಮ ಅಪ್ಪ ಕಲಿಸಿದ್ದು, ಗದ್ದ ಹಿಡದು ಈ ಕಡೆ ಒಮ್ಮೆ ಆ ಕಡೆ ಒಮ್ಮೆ ಲಟಕ್. ಯೂಟ್ಯೂಬ್ ನೋಡಿ ಈಗಿನ ಹುಡುಗೋರು ಇನ್ನೂ ಜೋರಾಗಿ ತಗಿ ಅಂತಾರ. ಹೋದ ವರ್ಷ ಒಬ್ರು ಅದಾದಮ್ಯಾಲ ಕುರ್ಚಿಯಿಂದ ಎದ್ದು ತೂರ್ಯಾಡಿದ್ರು, ಗ್ವಾಡಿ ಹಿಡಕೊಂಡು ಕುಂತ್ರು, ಅರ್ಧ ತಾಸಿಗೆ ಸರಿ ಆದ್ರು. ನನಗ ಅವತ್ತಿಂದ ಅಂಜಿಕಿ. ಇದಕ್ಕೂ ಅದಕ್ಕೂ ಸಂಬಂಧ ಐತೇನು?

ನೈಟ್ ಡ್ಯೂಟಿ:

ಇದೆ. ನೀವೇ ಕೇಳಿದ್ದು ದೊಡ್ಡ ಮಾತು.

ಕುತ್ತಿಗೆಯ ಹಿಂದೆ ಎಡಕ್ಕೊಂದು ಬಲಕ್ಕೊಂದು ವರ್ಟಿಬ್ರಲ್ ಆರ್ಟರಿ. ಕುತ್ತಿಗೆ ಎಲುಬುಗಳ ಪಕ್ಕದ ತೂತುಗಳಲ್ಲಿ ಪೋಣಿಸಿದಂತೆ ಮೇಲೆ ಹೋಗಿ, ಎಲ್ಲಕ್ಕಿಂತ ಮೇಲಿನ ಎಲುಬಿನ ಹತ್ತಿರ ಒಂದು ಡೊಂಕು ಹೊಡೆದು ತಲೆಯೊಳಗೆ ಹೊಗುತ್ತದೆ. ತಲೆಯನ್ನು ಝಾಡಿಸಿ ತಿರುವಿದರೆ ಆ ಡೊಂಕಿನಲ್ಲಿ ನಾಳ ಎಳೆದಾಡುತ್ತದೆ. ಒಳಪದರ ಸೀಳಿದರೆ ರಕ್ತ ಗೋಡೆಯ ನಡುವೆಯೇ ಹೊಕ್ಕುತ್ತದೆ, ಅದಕ್ಕೆ ಡಿಸೆಕ್ಷನ್ ಅನ್ನುತ್ತಾರೆ. ಅಲ್ಲಿ ಕಟ್ಟಿದ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಹೊರಪದರ ಮಾತ್ರ ಹೊರಗೆ ಉಬ್ಬಿದರೆ ಮತ್ತೆ ನಮ್ಮ ಹುಸಿ ಅನ್ಯೂರಿಸಂ. ಇದರ ಗುರುತು: ಕುತ್ತಿಗೆ ಹಿಂದೆ ಹಿಂದೆಂದೂ ಇಲ್ಲದಂಥ ನೋವು, ತಲೆ ತಿರುಗು, ನಡಿಗೆ ತೂರಾಟ, ಒಂದು ಎರಡಾಗಿ ಕಾಣುವುದು, ಮಾತು ತೊದಲುವುದು. ಇದು ಕುರ್ಚಿಯಲ್ಲೇ ಆಗಬೇಕೆಂದಿಲ್ಲ, ಎರಡು ಮೂರು ದಿನ ಬಿಟ್ಟೂ ಆಗಬಹುದು. ಆಗ ನಿಮ್ಮ ಅಂಗಡಿಯ ನೆನಪೇ ಯಾರಿಗೂ ಇರುವುದಿಲ್ಲ.

ತಲೆ ತೊಳೆಯುವಾಗ ಕುತ್ತಿಗೆಯನ್ನು ಬೇಸಿನ್ ಅಂಚಿಗೆ ಹಿಂದಕ್ಕೆ ಬಾಗಿಸಿ ಇಟ್ಟದ್ದರಿಂದ ಹೀಗಾದ ಐದು ಜನರ ಬಗ್ಗೆ ವೈನ್‌ಟ್ರಾಬ್ ಅನ್ನುವ ಅಮೆರಿಕದ ಡಾಕ್ಟರು 1993ರಲ್ಲಿ ಬರೆದಿದ್ದರು. "ಬ್ಯೂಟಿ ಪಾರ್ಲರ್ ಸ್ಟ್ರೋಕ್" ಅನ್ನುವ ಹೆಸರು ಅಲ್ಲಿಂದ ಬಂದದ್ದು. ಲಕ್ಷಾಂತರ ಜನ ನೆಟಿಗೆ ತೆಗೆಸಿಕೊಂಡು ಸುಮ್ಮನೆ ಮನೆಗೆ ಹೋಗುತ್ತಾರೆ, ನಿಜ. ಆದರೂ ನಾನು ನನ್ನ ಕುತ್ತಿಗೆ ಕೊಡುವುದಿಲ್ಲ.

ಹಳೇಹುಬ್ಬಳ್ಳಿ:

ಆಸ್ಟ್ರೇಲಿಯಾದ ಫಿಲ್ ಹ್ಯೂಸ್‌ಗೆ ಆಗಿದ್ದು ಇದ ಅಲ್ಲೇನ್ರಿ? ಅವತ್ತ ಟಿವಿ ಮುಂದ ಕುಂತು ನಾನೂ ಅತ್ತೇನಿ.

ನೈಟ್ ಡ್ಯೂಟಿ:

ಅದೇ. 2014ರ ನವೆಂಬರ್ 25, ಸಿಡ್ನಿ ಮೈದಾನ, 63 ರನ್ ಮಾಡಿ ಆಡುತ್ತಿದ್ದರು. ಬೌನ್ಸರ್ ಹುಕ್ ಮಾಡಲು ಹೋಗಿ, ಚೆಂಡು ಹೆಲ್ಮೆಟ್ಟಿನ ಕೆಳಗೆ, ಎಡ ಕಿವಿಯ ಹಿಂದಿನ ಕುತ್ತಿಗೆಗೆ ಬಡಿಯಿತು. ವರ್ಟಿಬ್ರಲ್ ಆರ್ಟರಿ ಸೀಳಿ ಮೆದುಳಿನ ಸುತ್ತ ರಕ್ತ ತುಂಬಿತು. 27ನೇ ತಾರೀಖು ತೀರಿಕೊಂಡರು, 26 ತುಂಬಲು ಮೂರು ದಿನ ಬಾಕಿ ಇತ್ತು. ಅದುವರೆಗೆ ಜಗತ್ತಿನಲ್ಲಿ ಇಂಥವು ನೂರರಷ್ಟೇ ವರದಿಯಾಗಿವೆ ಅಂತ ತಂಡದ ಡಾಕ್ಟರು ಆಗ ಹೇಳಿದ್ದರು. ಆಮೇಲೆ ಹೆಲ್ಮೆಟ್ಟಿಗೆ ಹಿಂದೆ ಕುತ್ತಿಗೆ ಕಾಪು ಬಂತು. ಆಸ್ಟ್ರೇಲಿಯಾದಲ್ಲಿ 2023ರ ಅಕ್ಟೋಬರ್ 1ರಿಂದ ವೇಗದ ಬೌಲಿಂಗ್ ಎದುರು ಅದನ್ನು ಕಡ್ಡಾಯ ಮಾಡಿದ್ದಾರೆ.

ಕತ್ತರಿ ಬಾಚಣಿಕಿ:

ಆತ್ರಿ. ನಾಳಿಂದ ನೆಟಿಗಿ ಬಂದ್. ಚಂಪಿ ಅಷ್ಟ ಮಾಡ್ತೀನಿ. ಗಿರಾಕಿ ಬೈದ್ರ ಈ ಚರ್ಚೆ ಓದಾಕ ಕೊಡತೇನಿ.

ಬೆಟಗೇರಿ ಮಗ್ಗ:

ಮಾಂಜಾ ಬಗ್ಗೆನೂ ಯಾರರ ಬರೀರಿ. ಕಾರಹುಣ್ಣಿವಿ ಬಂತಂದ್ರ ನಮ್ಮ ಕಡೆ ಗಾಳಿಪಟದ ಹಾವಳಿ. ನೈಲಾನ್ ಮಾಂಜಾನ್ನ 2017ರಾಗ ಹಸಿರು ನ್ಯಾಯಮಂಡಳಿ ಬಂದ್ ಮಾಡೈತಿ, ಅಂಗಡ್ಯಾಗ ಮಾತ್ರ ಇನ್ನೂ ಸಿಗತೈತಿ. ಬೈಕ್ ಮ್ಯಾಲ ಹೊಂಟವರ ಕುತ್ತಿಗಿಗೇ ಬರೋದು.

ನೈಟ್ ಡ್ಯೂಟಿ:

ಕುತ್ತಿಗೆ ಕೊಯ್ದ ಗಾಯ ಸಣ್ಣದಿದ್ದರೂ ಹೊಲಿಗೆ ಹಾಕಿಸಿಕೊಂಡು ಮರೆಯಬೇಡಿ. ಎರಡು ಮೂರು ವಾರ ಆ ಜಾಗಕ್ಕೆ ದಿನಕ್ಕೊಮ್ಮೆ ಬೆರಳು ಇಟ್ಟು ನೋಡಿ, ಅಷ್ಟೇ.

ಕತ್ತಲ ಕೋಣೆ:

ನಾನು ಡಾಪ್ಲರ್ ಮಾಡುವ ರೇಡಿಯಾಲಜಿಸ್ಟ್, ಹುಬ್ಬಳ್ಳಿಯವಳೇ. ಈ ಅಪ್ಪ-ಮಗ ನನ್ನ ಹತ್ತಿರ ಬಂದಿಲ್ಲ, ಆದರೆ ಸ್ಕ್ಯಾನಿಗೆ ಹೋಗುವ ಮುಂಚೆ ಇಷ್ಟು ತಿಳಿದಿರಲಿ. ಚೀಟಿಯಲ್ಲಿ ಬರೀ "ತಲೆಯ ಗಂಟು" ಅಂತ ಬರೆಸಿಕೊಂಡು ಹೋಗಬೇಡಿ. "ಪೆಟ್ಟು ಬಿದ್ದು ಇಷ್ಟು ದಿನ, ಮಿಡಿಯುತ್ತದೆ, ಡಾಪ್ಲರ್ ಬೇಕು" ಅಂತ ಇರಲಿ. ಸಾದಾ ಸ್ಕ್ಯಾನಿನ ಪರದೆ ಮೇಲೆ ಇದು ಕಪ್ಪಗೆ, ನೀರಿನ ಚೀಲದಂತೆ ಕಾಣುತ್ತದೆ. ಬಣ್ಣದ ಗುಂಡಿ ಒತ್ತಿದರೆ ಮಾತ್ರ ಗುಟ್ಟು ಬಯಲು. ಅರ್ಧ ಕೆಂಪು, ಅರ್ಧ ನೀಲಿ, ಒಂದರ ಬಾಲ ಒಂದು ಹಿಡಿದಂತೆ ಸುತ್ತುತ್ತಿರುತ್ತದೆ. ಒಳಗೆ ಬಂದ ರಕ್ತ ಗೋಡೆಗೆ ಬಡಿದು ಗಿರಕಿ ಹೊಡೆಯುವುದು ಅದು. ಆಮೇಲೆ ನಾವು ಹುಡುಕುವುದು ತೂತಿನ ಕೊರಳು. ಆ ಕೊರಳಿನ ಮೇಲೆ ಅಳತೆ ಇಟ್ಟರೆ ಹೃದಯ ಒತ್ತಿದಾಗ ರಕ್ತ ಒಳಗೆ, ಬಿಟ್ಟಾಗ ಹೊರಗೆ. ಸ್ಪೀಕರಿನಲ್ಲಿ ಆ ಸದ್ದು ಗಿರಣಿ ಬೆಲ್ಟಿನ ಹಾಗೆ ಬರುತ್ತದೆ. ನವಲಗುಂದದವರ ಹೊಂಡದಲ್ಲಿ ನೀರು ವಾಪಸು ಹೋಗುವುದಿಲ್ಲ, ಅದೊಂದೇ ವ್ಯತ್ಯಾಸ.

ಕಾಲುವಿ ಕೆಲಸದವ, ನವಲಗುಂದ:

ಕಾಲುವಿ ಬಂದ್ ಆದ್ರ ವಾಪಸ್ ಬರತೈತಿ ಮೇಡಂ. ಯಾವಾಗ ಬಂದ್ ಮಾಡ್ತಾರ ಅನ್ನೋದ ಪ್ರಶ್ನೆ.

ಸೊಸಿ, ಕುಂದಗೋಳ:

ನಮ್ಮ ಅತ್ತಿಯವರಿಗೆ ಎಪ್ಪತ್ತೆರಡು. ಅವರಿಗೂ ಕಣತಲಿ ಮ್ಯಾಲ ಒಂದು ನರ ಉಬ್ಬೈತಿ. ಪೆಟ್ಟು ಗಿಟ್ಟು ಏನೂ ಬಿದ್ದಿಲ್ಲ. ತಿಂಗಳಾತು ತಲಿನೋವು. ಹಣಗಿ ಮುಟ್ಟಿದ್ರ ನೋವು ಅಂತ ತಲಿ ಬಾಚಿಸಿಕೊಳ್ಳಾಕ ಒಲ್ಲೆ ಅಂತಾರ. ರೊಟ್ಟಿ ಅಗಿದ್ರ ದವಡಿ ಸೋತ ಬರತೈತಿ ಅಂತ ಈಗೀಗ ಹಾಲಾಗ ನೆನಸಿ ಕೊಡಾಕತ್ತೇನಿ. ಇದೂ ಅದ ಇರಬಹುದೇನು?

ನೈಟ್ ಡ್ಯೂಟಿ:

ಅಕ್ಕಾರೇ, ಇದು ಅದಲ್ಲ, ಬೇರೆ. ಅದೇ ರಕ್ತನಾಳದ ಉರಿಯೂತ ಇರಬಹುದು. ಐವತ್ತು ದಾಟಿದವರಿಗೆ ಬರುವ ಕಾಯಿಲೆ. ಹಣಿಗೆ ತಾಗಿದರೆ ನೋವು, ಅಗಿದರೆ ದವಡೆ ಸೋಲುವುದು, ಎರಡೂ ಅದರ ಗುರುತು. ಬಿಟ್ಟರೆ ಇದ್ದಕ್ಕಿದ್ದಂತೆ ಒಂದು ಕಣ್ಣು ಹೋಗುತ್ತದೆ, ಹೋದ ಕಣ್ಣು ಬರುವುದಿಲ್ಲ. ಇವತ್ತೇ ಫಿಜಿಶಿಯನ್ ಹತ್ತಿರ ಕರೆದುಕೊಂಡು ಹೋಗಿ, ಈ ನಾಲ್ಕೂ ಮಾತು ಹೀಗೇ ಹೇಳಿ. ಇಎಸ್‌ಆರ್ ರಕ್ತಪರೀಕ್ಷೆ ಮಾಡಿಸುತ್ತಾರೆ, ಸ್ಟೀರಾಯ್ಡ್ ಕೂಡಲೇ ಸುರು ಮಾಡಬೇಕಾಗಬಹುದು. ಸೋಮವಾರ ನೋಡೋಣ ಅನ್ನಬೇಡಿ.

ಸೊಸಿ, ಕುಂದಗೋಳ:

ಈಗ ಹೊಂಟೇವ್ರಿ. ಆಟೋ ಬಂತು.

ರಾಜನಗರದ ಅಪ್ಪ (ಹನ್ನೊಂದು ದಿನದ ಮ್ಯಾಲ):

ಎಲ್ಲಾರೂ ಕ್ಷಮಿಸ್ರಿ, ಓಡ್ಯಾಟದಾಗ ಬರಿಯಾಕ ಆಗಲಿಲ್ಲ.

ಗುರುವಾರ ಡಾಪ್ಲರ್ ಆತು. ಕತ್ತಲ ಕೋಣೆ ಮೇಡಂ ಹೇಳಿದಂಗ ಕೆಂಪು ನೀಲಿ ಗಿರಗಿಟ್ಲಿ ನಾನೂ ಕಣ್ಣಾರೆ ನೋಡ್ದೆ. 1.4 ಸೆಂಟಿಮೀಟರ್. ಮತ್ತ ಒಂದು ಸಿಟಿ ಅಂಜಿಯೋ ಮಾಡಿ, ಒಳಗಡೆ ಬ್ಯಾರೆ ಎಲ್ಲೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡ್ರು.

ಸರ್ಜನ್ ಎರಡು ಮೂರು ದಾರಿ ಹೇಳಿದ್ರು. ಥ್ರಾಂಬಿನ್ ಅಂತ ಒಂದು ಔಷಧ ಸೂಜಿಲೆ ಹಾಕಿ ಒಳಗ ಹೆಪ್ಪು ಮಾಡೋದು ಐತಂತ. ಆದ್ರ ಹಣಿ ಕಡೆಯ ರಕ್ತನಾಳಕ್ಕ ಕಣ್ಣಿನ ಕಡೆ ಸಂಪರ್ಕ ಇರತೈತಿ, ಔಷಧ ಆ ಕಡೆ ಜಾರಿದ್ರ ಕಷ್ಟ, ಇಷ್ಟ ಮ್ಯಾಲ ಇರೋದಕ್ಕ ಕೊಯ್ದು ಎರಡೂ ಕಡೆ ಕಟ್ಟಿ ತಗಿಯೋದ ಛಲೋ ಅಂದ್ರು. ಒಂದು ನಾಳ ಕಟ್ಟಿದ್ರ ತಲಿಗೆ ರಕ್ತ ಕಡಿಮಿ ಆಗಂಗಿಲ್ಲೇನು ಅಂತ ಅವರ ಅವ್ವ ಕೇಳಿದ್ಲು. ನೆತ್ತಿ ಚರ್ಮಕ್ಕ ಸುತ್ತ ಎಲ್ಲಾ ಕಡೆಯಿಂದ ರಕ್ತ ಬರತೈತಿ, ಒಂದು ಹೋದ್ರ ಗೊತ್ತೂ ಆಗಂಗಿಲ್ಲ ಅಂದ್ರು.

ಮಂಗಳವಾರ ಆಪರೇಷನ್. ಜಾಗಾ ಅಷ್ಟ ಮರಗಟ್ಟಿಸಿ ಮಾಡಿದ್ರು, ಹುಡುಗ ಎಚ್ಚರ ಇದ್ದ. ಅವಂಗ ಎಲ್ಲಾದಕ್ಕಿಂತ ದೊಡ್ಡ ದುಃಖ ಅಂದ್ರ ಕೂದಲಾ ಬೋಳಿಸಿದ್ದು. ಕೂದಲ ಒಳಗ ಅಂಚಿಗೆ ಕೊಯ್ದಾರ, ಬೆಳದಮ್ಯಾಲ ಕಾಣಂಗಿಲ್ಲಂತ. ನಡುವ ನಡುವ "ಹುಬ್ಬು ಏರಸು" ಅಂತ ಹೇಳ್ತಿದ್ರಂತ. ಹುಬ್ಬು ಏರಿಸೋ ನರ ಅಲ್ಲೇ ಬಾಜೂಕ ಹಾದು ಹೋಗತೈತಿ, ಅದಕ್ಕ ಧಕ್ಕಿ ಆಗಬಾರದಂತ. (ಇದು ಖರೇ ನರ ಮಾಸ್ತರ್.) ಮುಕ್ಕಾಲು ತಾಸಿಗೆ ಮುಗೀತು, ಮರುದಿನ ಮನಿಗೆ ಬಂದ್ವಿ. ತಗದ ಗಂಟನ್ನ ಬಾಟ್ಲಿಯೊಳಗ ತೋರಿಸಿದ್ರು. ಮ್ಯಾಲ ಬೂದಿಬಣ್ಣ, ಸೀಳಿದ್ರ ಒಳಗ ಪದರ ಪದರ ಹಳೇ ರಕ್ತ, ಉಳ್ಳಾಗಡ್ಡಿಯಂಗ.

ಕ್ಲಿನಿಕ್ಕಿನ ಡಾಕ್ಟರಿಗೂ ರಿಪೋರ್ಟ್ ಒಯ್ದು ತೋರಿಸಿದೆ. ಜಗಳ ಮಾಡಾಕ ಅಲ್ಲ. ಅವರು ಎರಡು ಸಲ ಓದಿದ್ರು, ಸುಮ್ಮನ ಕುಂತ್ರು. "ಇಪ್ಪತ್ತೆರಡು ವರ್ಷದಾಗ ಒಂದೂ ನೋಡಿರಲಿಲ್ಲ, ಒಂದು ಝೆರಾಕ್ಸ್ ಕೊಡ್ರಿ" ಅಂತ ಇಸಗೊಂಡ್ರು. ಚಾ ತರಿಸಿದ್ರು.

ಹಳೇಹುಬ್ಬಳ್ಳಿ:

ಛಲೋ ಆತು ಬಿಡ್ರಿ ಅಣ್ಣಾರ. ನಾ ತಿಕ್ಕರಿ ಅಂದಿದ್ದು ಅಳಿಸಬೇಕಂತ ಹೋಗಿದ್ದೆ, ಆಮ್ಯಾಲ ಬ್ಯಾಡ, ಇರಲಿ ಅಂತ ಬಿಟ್ಟೆ. ಗರಡಿ ಮನ್ಯಾಗೂ ಹೇಳೇನಿ, ಬಡಿಯೋ ಬಾವು ತಿಕ್ಕಬ್ಯಾಡ್ರಲೇ ಅಂತ.

ಸೊಸಿ, ಕುಂದಗೋಳ:

ನಮ್ಮ ಅತ್ತಿಯವರಿಗೂ ಅವತ್ತ ಗುಳಿಗಿ ಸುರು ಮಾಡಿದ್ರು. ಎರಡ ದಿನದಾಗ ತಲಿನೋವು ಹೋತು. ಕಣ್ಣು ಸರಿ ಅದಾವು. ನಿನ್ನೆ ತಾವ ಕುಂತು ನನ್ನ ಕಡೆಯಿಂದ ಹೆಳಲ ಹಾಕಿಸಿಕೊಂಡ್ರು.

ಹಾವೇರಿ ಹೋರಿ:

ಒಂದು ಕೇಳೋದ ಮರತೆ ರಾಜನಗರದಣ್ಣ. ಆ ಬಾಲ್ ಏನ ಕೊಟ್ರು, ನೋ ಬಾಲಾ?

ರಾಜನಗರದ ಅಪ್ಪ:

ಇಲ್ಲೋ ಮಾರಾಯಾ. ತಲಿಗೆ ಬಡದು ಫೈನ್ ಲೆಗ್ಗಿಗೆ ಹೋಗಿ ಬೌಂಡರಿ ಆತಂತ. ಲೆಗ್ ಬೈ, ನಾಕ ರನ್. ತಲಿಗೆ ಬಡದದ್ದಕ್ಕ ಕಾಲಿನ ಹೆಸರಿಲೆ ಯಾಕ ರನ್ ಕೊಟ್ರು ಅಂತ ಅವರ ಅವ್ವ ಇನ್ನೂ ಕೇಳಾಕತ್ತಾಳ.